ಸಬ್ಸಿಡಿ ಫೋಟೊಗಾಗಿ ಮಾಳಿಗೆ ಹತ್ತಿದ ಅತ್ತೆ

ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆಯ ಮೇಲೆ ಪಾಯಖಾನೆ ಇದೆ, ಆದರೆ ಮಾಳಿಗೆಗೆ ಹೋಗಲು ಮೆಟ್ಟಿಲಿಲ್ಲ. ಅಪ್ಪ ಮೇಲೊಂದು ಕೋಣೆ ಕಟ್ಟಿಸಬೇಕೆಂದು ಹೊರಟಿದ್ದ. ಪಾಯಖಾನೆ ಸಣ್ಣ ಕೆಲಸ, ಅದನ್ನು ಮೊದಲು ಮುಗಿಸಿಬಿಡೋಣ ಎಂದು ಗೌಂಡಿ ಹೇಳಿದ. ಅದು ಮುಗಿಯಿತು. ನಲ್ಲಿ ಕೂಡಿಸಿದರು, ಬಾಗಿಲು ಹಚ್ಚಿದರು. ಅಷ್ಟರಲ್ಲಿ ಗೌಂಡಿಗೆ ದುಬೈಗೆ ಹೋಗುವ ಅವಕಾಶ ಬಂತು. ಕೋಣೆಯೂ ಮೆಟ್ಟಿಲೂ ಉಳಿದೇ ಹೋದವು. ಅಪ್ಪ ತೀರಿಕೊಂಡ ಮೇಲೂ ಟಾಕಿಯ ನೀರು ನೋಡುವುದಕ್ಕೆ, ಹಪ್ಪಳ ಒಣಹಾಕುವುದಕ್ಕೆ ನಾವು ಕಬ್ಬಿಣದ ಏಣಿಯನ್ನೇ ಹತ್ತುತ್ತಿದ್ದೆವು. ಅದೊಂದು ತೊಂದರೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸವಕಲ್ಯಾಣದಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ವರ್ಷಗಟ್ಟಲೆ ಇದೇ ದಾರಿ. ಸೀಮೆಯ ಸುದ್ದಿಗಳೆಲ್ಲ ಮೊದಲು ನನ್ನ ಬಸ್ಸು ಹತ್ತುತ್ತವೆ. ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿದರೆ ಸರ್ಕಾರ ಖರ್ಚಿನಲ್ಲಿ ಒಂದು ಪಾಲನ್ನು ತಿರುಗಿ ಖಾತೆಗೆ ಹಾಕುತ್ತದೆ ಎಂಬ ಸುದ್ದಿಯೂ ಹಾಗೇ ಬಂತು. ಘಾಟಬೋರಾಳದ ರೈತರೊಬ್ಬರು ರಾಜೇಶ್ವರ ಊರು ದಾಟುವ ತನಕ ತಮ್ಮ ಮನೆಯ ಕರೆಂಟ್ ಬಿಲ್ಲು ಹೇಗೆ ಕರಗಿಹೋಯಿತು ಎಂಬುದನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಇಳಿಯುವಾಗ ನನ್ನ ಹೆಗಲು ತಟ್ಟಿ, "ಬಿಸಲಂತೂ ನಮ್ಮ ಕಡಿ ಪುಕ್ಕಟ ಅದರಿ. ಹಾಳ ಮಾಡಬ್ಯಾಡ್ರಿ" ಎಂದರು.

ಮರುದಿನ ಹುಮನಾಬಾದಿನಲ್ಲಿ ಬಸ್ಸು ನಿಂತಾಗ ಸೋಲಾರ್ ಅಂಗಡಿಗೆ ಹೋದೆ. ಅಂಗಡಿಯವನು ಮೂವತ್ತರ ಆಸುಪಾಸಿನ ಹುರುಪಿನ ಮನುಷ್ಯ. ನನ್ನ ಕರೆಂಟ್ ಬಿಲ್ಲನ್ನು ಕೈಯಲ್ಲಿ ಹಿಡಿದು ಕೇಳಿದ.

"ಕಂಡಕ್ಟರ್ ಸಾಹೇಬ್ರ, ಮೀಟರ್ ಮ್ಯಾಲ ಹೆಣ್ಣಮಗಳ ಹೆಸರದ. ಇವರು ಯಾರ್ರಿ?"

ಅವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅಜ್ಜ ಮಗನಿಗಿಂತ ಮಗಳನ್ನೇ ಹೆಚ್ಚು ನಂಬಿದ್ದ. ಮನೆಯನ್ನೂ ಮೀಟರನ್ನೂ ಅವಳ ಹೆಸರಿಗೆ ಮಾಡಿಸಿದ್ದ. ಮದುವೆಯಾಗಿ ಹುಮನಾಬಾದಿಗೆ ಹೋದ ಮೇಲೂ ಬಿಲ್ಲು ಅವಳ ಹೆಸರಿಗೇ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು. ಯಾರ ಹೆಸರಿನಲ್ಲಿ ಮೀಟರ್ ಇದೆಯೋ ಅವರಿಗೇ ಸಬ್ಸಿಡಿ ಎಂದು ಅಂಗಡಿಯವನು ಹೇಳಿದ. ಹೆದ್ದಾರಿಯ ಪಕ್ಕದಲ್ಲಿ ಅತ್ತೆಯ ಮಗನ ಟೈರಿನ ಅಂಗಡಿ, ಅದರ ಹಿಂದೆಯೇ ಅವರ ಮನೆ. ಅಲ್ಲಿಗೆ ಹೋಗಿ, ಹೆಸರು ಬದಲಾಯಿಸಲು ಒಂದು ಸಹಿ ಹಾಕಬೇಕೆಂದು ಅತ್ತೆಯನ್ನು ಕೇಳಿದೆ.

"ಯಾಕ? ನಾ ಸತ್ತೀನೇನು?" ಎಂದಳು ಅತ್ತೆ. "ಬಿಲ್ಕುಲ್ ಮಾಡಾಂಗಿಲ್ಲ. ಸೋಲಾರ್ ನನ್ನ ಹೆಸರ್ಲೇ ಹಾಕ್ಸು. ರೊಕ್ಕ ಬಂದ್ರ ನಿನಗ ಕೊಡ್ತೀನಿ. ಕೊಡಲಿಲ್ಲಂದ್ರ ಏನ್ ಮಾಡ್ತಿ?"

ಏನೂ ಮಾಡಲಾರೆ ಎಂದೆ. ಆ ಉತ್ತರ ಅವಳಿಗೆ ಬಹಳ ಹಿಡಿಸಿತು. ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ ಎರಡನ್ನೂ ತಾನೇ ಎದ್ದು ಹೋಗಿ ತಂದುಕೊಟ್ಟಳು.

ಪ್ಲೇಟುಗಳು ಬಂದವು. ಅಂಗಡಿಯವನೂ ಅವನ ಕೆಲಸಗಾರರೂ ಹಗ್ಗ ಕಟ್ಟಿ ಅವನ್ನು ಮೇಲೆತ್ತಿ, ಆಳೆತ್ತರದ ಕಬ್ಬಿಣದ ಕಾಲುಗಳ ಮೇಲೆ ಸಾಲಾಗಿ ಕೂಡಿಸಿದರು. ಹೊಸ ಮೀಟರೂ ಬಂತು. ಎಲ್ಲ ಮುಗಿಯಿತು ಎಂದು ಮಿಠಾಯಿ ತರಿಸುವ ಹೊತ್ತಿಗೆ ಅಂಗಡಿಯವನು ಮೊಬೈಲ್ ತೆಗೆದು, "ಈಗ ಮೀಟರಿನ ಆಯೀನ್ನ ಮ್ಯಾಲ ಕರೀರಿ. ಒಂದ್ ಫೋಟೊ ಹೊಡ್ಯೂನು" ಎಂದ.

ಸಬ್ಸಿಡಿ ಯಾರಿಗೋ ಅವರು ಪ್ಲೇಟುಗಳ ಪಕ್ಕದಲ್ಲಿ ನಿಂತಿರುವ ಫೋಟೊ ಬೇಕಂತೆ. ಯಾವ ಜಾಗದಲ್ಲಿ ತೆಗೆದದ್ದು ಎಂಬುದೂ ಅದರೊಳಗೇ ದಾಖಲಾಗುತ್ತದಂತೆ. ನಾನು ಏಣಿಯನ್ನು ನೋಡಿದೆ. ಅತ್ತೆಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ನೋಯುತ್ತವೆ. ಮೈಯಂತೂ ಹೇಗೆಂದರೆ, ಅವಳು ನನ್ನ ಬಸ್ಸಿಗೆ ಹತ್ತಿದ ದಿನ ಡ್ರೈವರ್ ಹಿಂದೆ ತಿರುಗಿ ನೋಡದೆಯೇ, "ಅತ್ತಿ ಬಂದ್ರೇನು?" ಎನ್ನುತ್ತಾನೆ.

ಆದರೂ ಒಂದು ಭಾನುವಾರ ಅವಳನ್ನು ಕರೆತಂದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೂ ಶೂನ್ಯ ಬರೆದ ಚೀಟಿ ಹರಿದುಕೊಡಬೇಕು. ಅತ್ತೆ ಅದನ್ನು ಬ್ಲೌಸಿನೊಳಗೆ ಭದ್ರವಾಗಿಟ್ಟುಕೊಂಡಳು. ಮನೆಗೆ ಬಂದು ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಳು. ಏಣಿ ಕಿರ್ ಎಂದಿತು. ಅತ್ತೆ ಕಾಲು ತೆಗೆದು, "ಇದು ಬ್ಯಾಡ ಅನ್ನಾಕತ್ತದ" ಎಂದಳು.

ಅಂಗಡಿಯವನು ಮೊದಲು ಅವಳನ್ನು ಅಂಗಳದಲ್ಲಿ ನಿಲ್ಲಿಸಿ ದೂರದಿಂದ ಫೋಟೊ ತೆಗೆದ. ಅದರಲ್ಲಿ ಅತ್ತೆ ಕಂಡಳು, ಪ್ಲೇಟುಗಳ ಅಂಚು ಮಾತ್ರ ಕಂಡಿತು. ಸಬ್ಸಿಡಿಯ ಆಫೀಸಿಗೆ ಕಳಿಸಿದ, ಮರುದಿನ ತಿರಸ್ಕೃತವಾಯಿತು. ಅತ್ತೆ ನಮ್ಮಲ್ಲೇ ಉಳಿದುಕೊಂಡಳು. ಆಮೇಲೆ ಒಂದು ಪ್ಲೇಟನ್ನು ಬಿಚ್ಚಿ ಕೆಳಗಿಳಿಸಿ, ಮದುವೆ ಹೆಣ್ಣಿನ ಪಕ್ಕ ಗಂಡನ್ನು ನಿಲ್ಲಿಸಿದಂತೆ ಅವಳ ಪಕ್ಕಕ್ಕೆ ನಿಲ್ಲಿಸಿದ. ಅದೂ ತಿರಸ್ಕೃತವಾಯಿತು, ಉಳಿದ ಪ್ಲೇಟುಗಳೆಲ್ಲಿ ಎಂದು ಆಫೀಸಿನವರು ಕೇಳಿದರು. ನೋಡಲು ಬಂದಿದ್ದ ಪಕ್ಕದ ಮನೆಯವರು, "ಅತ್ತಿ ಸೀರಿ ಉಡಿಸಿ ನಿಮ್ಮ ಮನಿಯವರನ್ನ ಹತ್ತಸ್ರಿ. ಸೆರಗ ಹೊತಗೊಂಡ್ರ ಯಾರಿಗಿ ಗೊತ್ತಾಗ್ತದ?" ಎಂದು ನನಗೆ ಹೇಳಿದರು. ಅತ್ತೆ ನನ್ನ ಹೆಂಡತಿಯನ್ನು ಅಡಿಯಿಂದ ಮುಡಿಯ ತನಕ ನೋಡಿ, "ಇಕೀನಾ? ಇಂಥವರು ಇಬ್ಬರು ಬೇಕಾಗ್ತಾರ" ಎಂದಳು.

ದಾರಿ ತೋರಿಸಿದವನು ನನ್ನ ತಮ್ಮ. ಅವನದು ಅಡತಿ ಅಂಗಡಿ, ರೈತರ ಮಾಲನ್ನು ಕೊಂಡು ಮಾರುವ ವ್ಯಾಪಾರ. ಆ ವರ್ಷ ತೊಗರಿಯ ದರ ಬಿದ್ದಿತ್ತು. ಏರಲಿ ಎಂದು ಕಾಯುತ್ತ ಚೀಲಗಳನ್ನು ನಮ್ಮ ಅಂಗಳದಲ್ಲಿ ತಾಡಪತ್ರಿ ಹೊದಿಸಿ ಒಟ್ಟಿದ್ದ. ಅವನು ಆ ಒಟ್ಟಿಲನ್ನು ನೋಡಿದ, ಮಾಳಿಗೆಯನ್ನು ನೋಡಿದ, ಹಮಾಲರಿಗೆ ಫೋನು ಮಾಡಿದ. ಅವರು ಬಂದು ಚೀಲದ ಮೇಲೆ ಚೀಲ ಹೇರಿ, ಅಂಗಳದ ಬಾವಿಕಟ್ಟೆಯಿಂದ ಮಾಳಿಗೆಯ ಅಂಚಿನ ತನಕ ಅಗಲವಾದ ಪಾವಟಿಗೆಗಳನ್ನು ಕಟ್ಟಿದರು. ಅಪ್ಪನಿಂದ ಆಗದ ಮೆಟ್ಟಿಲು ತೊಗರಿಯಿಂದ ಆಯಿತು.

ಅತ್ತೆ ಚಪ್ಪಲಿ ಬಿಟ್ಟು ಹತ್ತಿದಳು. ತಿನ್ನುವ ಕಾಳಿನ ಮೇಲೆ ಕಾಲಿಡುತ್ತಿದ್ದೇನೆ ಎಂದು ಪ್ರತಿ ಚೀಲವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ್ದರಿಂದ ಬಹಳ ಹೊತ್ತು ಹಿಡಿಯಿತು. ನಡುವೆ ಕುಳಿತು ಚಹಾ ಕುಡಿದಳು. ಅಷ್ಟರಲ್ಲಿ ಓಣಿಯ ಜನ ಎದುರಿನ ಮಾಳಿಗೆಗಳ ಮೇಲೆ ಬಂದು ನಿಂತಿದ್ದರು. ಕಡೆಗೂ ಅವಳ ಎರಡೂ ಕಾಲು ಮಾಳಿಗೆಯ ಮೇಲೆ ಬಿದ್ದಾಗ ಯಾರೋ ಚಪ್ಪಾಳೆ ಹೊಡೆದರು. ಅತ್ತೆ ಪ್ಲೇಟುಗಳ ಪಕ್ಕ ಸೆರಗು ಸರಿಮಾಡಿಕೊಂಡು ನಿಂತಳು. ಫೋಟೊ ಬಂತು, ಕಳಿಸಿದೆವು, ಸ್ವೀಕೃತವಾಯಿತು.

ಪ್ಲೇಟುಗಳ ಕೆಳಗೆ ತಂಪಾದ ನೆರಳಿತ್ತು. ಅತ್ತೆ ಅಲ್ಲೇ ಚಾಪೆ ಹಾಸಿಸಿಕೊಂಡು, ಊಟವನ್ನೂ ಅಲ್ಲಿಗೇ ತರಿಸಿಕೊಂಡು, ಒಂದು ಗಳಿಗೆ ಅಡ್ಡಾಗುತ್ತೇನೆ ಎಂದಳು. ನನಗೆ ಮಧ್ಯಾಹ್ನದ ಡ್ಯೂಟಿ ಇತ್ತು. ಸಂಜೆ ಬಂದು ಕೆಳಗಿಳಿಸಿದರಾಯಿತು ಎಂದು ಹೋದೆ.

ತಿರುಗಿ ಬಂದಾಗ ಹೊತ್ತು ಮುಳುಗಿರಲಿಲ್ಲ. ಅಂಗಳ ಬಟ್ಟಬಯಲಾಗಿತ್ತು. ಕೆಲವು ತೊಗರಿ ಕಾಳುಗಳನ್ನು ಗುಬ್ಬಿಗಳು ಹೆಕ್ಕುತ್ತಿದ್ದವು. ನನ್ನ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಬಾಗಿಲಲ್ಲಿ ಕುಳಿತಿದ್ದಳು.

"ಅತ್ತಿ ಎಲ್ಲಿ?" ಎಂದೆ.

"ಮ್ಯಾಲೇ ಇದ್ದಾರ್ರಿ" ಎಂದಳು. "ಪಾವಟಿಗಿ ಮಾರಾಟ ಆದವು."

ತಮ್ಮನಿಗೆ ಫೋನು ಮಾಡಿದೆ. ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಸಂತೋಷವೇ ಹೆಚ್ಚಿತ್ತು.

"ಅಣ್ಣಾ, ಒಮ್ಮಿಂದೊಮ್ಮೆ ದರ ಬಂತು. ಲಾರಿ ಬಾಗಿಲಿಗೇ ಬಂದು ನಿಂತಿತ್ತು. ಅತ್ತಿ ಮಲಗಿದ್ಲು, ಎಬ್ಬಸೂದು ಬ್ಯಾಡಂತ..."

"ಆಕಿ ಇಳ್ಯೂದು ಹ್ಯಾಂಗೋ?"

"ಕಡ್ಲಿ ಚೀಲ ಬರೂತನ ತಡಿ. ರಾಶಿ ನಡದಾವ."

ಏಣಿ ಹತ್ತಿ ಮೇಲೆ ಹೋದೆ. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡೇ ಹೋದೆ. ಅತ್ತೆ ಗೋಡೆಗೆ ಮೊಣಕೈ ಊರಿ ಊರ ಕೋಟೆಯ ಕಡೆಗೆ ನೋಡುತ್ತ ನಿಂತಿದ್ದಳು. ಗಾಳಿ ಬೀಸುತ್ತಿತ್ತು. ಲಾರಿ ಹೋದದ್ದು, ಮೆಟ್ಟಿಲು ಹೋದದ್ದು ಎಲ್ಲವನ್ನೂ ತಡವರಿಸುತ್ತ ಹೇಳಿದೆ.

"ನಾ ನೋಡೀನಿ" ಎಂದಳು. "ಎಚ್ಚರಾಗಿ ನೋಡಿದ್ರ ಅರ್ಧ ಪಾವಟಿಗಿ ಲಾರ್‍ಯಾಗಿದ್ದವು. ದರ ಛಲೋ ಬಂತೇನು?"

"ಬಂತಂತ."

"ಮತ್ತ ಯಾಕ ಅಳೂಮಾರಿ ಮಾಡ್ತಿ? ಪಾಯಖಾನಿ ಅದ, ನೀರದ, ನೆಳ್ಳದ. ನಾ ಇಲ್ಲೇ ಇರ್ತೀನಿ."

ನಾವು ಸುಮ್ಮನೆ ಬಿಡಲಿಲ್ಲ. ಹಗ್ಗ ಕಟ್ಟಿದ ಕುರ್ಚಿ ಎಂದೆವು. "ನಾ ಏನ್ ಟಾಕಿಯೇನು?" ಎಂದಳು. ದೊಡ್ಡ ಏಣಿ ತರಿಸುತ್ತೇವೆ ಎಂದೆವು. "ಮೊಣಕಾಲು ಯಾರದು ತರಸ್ತಿ?" ಎಂದಳು. ಕಡೆಗೆ ಹಾಸಿಗೆ, ಸೊಳ್ಳೆಪರದೆ, ಗುಳಿಗೆಗಳ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಮೇಲೆ ಸಾಗಿಸಿದೆ.

ಹೀಗೆ ಅತ್ತೆಯ ಮಾಳಿಗೆ ವಾಸ ಶುರುವಾಯಿತು. ಬೇಸಿಗೆ ಇನ್ನೂ ಬಲಿತಿರಲಿಲ್ಲ. ಬೆಳಿಗ್ಗೆ ಹೆಂಡತಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಮಂಡಕ್ಕಿಯ ಸುಸಲಾ, ಚಹಾ ಕಳಿಸುತ್ತಿದ್ದಳು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಬುಟ್ಟಿ ಖಾಲಿಯಾಗಿ ಇಳಿಯುತ್ತಿರಲಿಲ್ಲ. ಒಮ್ಮೆ ಬಿಡಿಸಿದ ಬಟಾಣಿ ಇಳಿದು ಬಂತು. ಒಮ್ಮೆ ಪಕ್ಕದ ಮನೆಯವರು ಕೊಟ್ಟ ಉಪ್ಪಿನಕಾಯಿ ಬಂತು, ಅದೂ ಮಾಳಿಗೆಯಿಂದ ಮಾಳಿಗೆಗೆ ಕೈ ಚಾಚಿ ಕೊಟ್ಟದ್ದು. ಓಣಿಯ ಹೆಂಗಸರು ಸಂಜೆಯಾದರೆ ತಮ್ಮ ತಮ್ಮ ಮಾಳಿಗೆ ಹತ್ತಿ ನಿಲ್ಲತೊಡಗಿದರು. ನೆಲದ ಮೇಲೆ ಮೋರಿ ನೀರಿನ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ಮನೆಯವರು ಮಾಳಿಗೆಯ ಮೇಲೆ ಅತ್ತೆಯ ಮುಖಾಂತರ ಮಾತಾಡುತ್ತಿದ್ದರು, ಕೆಳಗಿಳಿದ ಮೇಲೆ ಮತ್ತೆ ಮುಖ ತಿರುಗಿಸುತ್ತಿದ್ದರು.

ಬೆಳಗಾದರೆ ಅತ್ತೆಯ ಮೊದಲ ಕೆಲಸ ಪ್ಲೇಟು ಒರೆಸುವುದು. ಹಳೆಯ ನೂಲಿನ ಸೀರೆಯೊಂದನ್ನು ಹರಿದು, ಕೋಲಿಗೆ ಸುತ್ತಿ, ತೋಯಿಸಿ, ಕೈಕೂಸಿಗೆ ಎರೆದಂತೆ ಮೆಲ್ಲಗೆ ಒರೆಸುತ್ತಿದ್ದಳು. ಒಂದು ದಿನ ಸೋಲಾರ್ ಅಂಗಡಿಯವನು ಫೋನು ಮಾಡಿದ. ಯಾವ ಮನೆಯಲ್ಲಿ ಎಷ್ಟು ಕರೆಂಟು ತಯಾರಾಗುತ್ತದೆ ಎಂಬುದು ಅವನ ಮೊಬೈಲಿನಲ್ಲಿ ಕಾಣುತ್ತದಂತೆ.

"ಸಾಹೇಬ್ರ, ನಾ ಹಾಕಿದ ಎಲ್ಲಾ ಮನಿಗಿಂತ ನಿಮ್ಮನ್ಯಾಗ ಜಾಸ್ತಿ ಬರಾಕತ್ತದ. ಏನ್ ಮಾಡಾಕತ್ತೀರಿ?"

"ನಮ್ಮ ಅತ್ತಿ ಇದ್ದಾಳ್ರಿ" ಎಂದೆ. ಅವನಿಗೆ ಏನು ಅರ್ಥವಾಯಿತೋ, "ಇರಲಿ ಬಿಡ್ರಿ" ಎಂದ.

ಅತ್ತೆಯ ಮಗ ಟೈರಿನ ಅಂಗಡಿ ಮುಚ್ಚಿ ಬಂದ. ಅವ್ವನನ್ನು ನಾವು ಬಲವಂತದಿಂದ ಇಟ್ಟುಕೊಂಡಿದ್ದೇವೆ ಎಂದು ಹುಮನಾಬಾದಿನಲ್ಲಿ ಯಾರೋ ಅವನಿಗೆ ಹೇಳಿದ್ದರು. ಸಿಟ್ಟಿನಿಂದ ಏಣಿ ಹತ್ತಿದ. ಬಹಳ ಹೊತ್ತಾದರೂ ಇಳಿಯಲಿಲ್ಲ. ನಾನು ಹತ್ತಿ ನೋಡಿದರೆ ತಾಯಿ ಮಗ ಇಬ್ಬರೂ ನೆರಳಲ್ಲಿ ಕುಳಿತು ಹುರಿದ ಶೇಂಗಾ ತಿನ್ನುತ್ತಿದ್ದರು.

"ಮನಿಗಿ ಬಾ ಅಂದ್ರ ಒಲ್ಲೆ ಅಂತಾಳ" ಎಂದು ಅವನು ನನಗೇ ದೂರು ಹೇಳಿದ.

"ಅಲ್ಲಿ ಏನ್ ಕಮ್ಮಿ ಅದ ಅಂತಲ್ಲ" ಎಂದಳು ಅತ್ತೆ. "ಸೊಸಿ ಛಲೋ ನೋಡ್ತಾಳ. ಆದ್ರ ಹೊತ್ತ ಹೊಂಟ್ರ ಯಾರಾರೆ ಬಂದು, ಕಾಲು ಹ್ಯಾಂಗವ, ಗುಳಿಗಿ ತಗೊಂಡ್ಯೇನು, ಉಪ್ಪು ಬ್ಯಾಡ, ಇದೇ ಮಾತು. ಇಲ್ಲಿ ಬರಬೇಕಂದ್ರ ನಿಚ್ಚಣಿಕಿ ಹತ್ತಬೇಕು. ಕೆಲಸ ಇದ್ದವರಷ್ಟೇ ಬರ್ತಾರ."

ಮಗ ತಲೆ ಕೆರೆದುಕೊಂಡು ಇಳಿದು ಹೋದ.

ಒಂದು ಮಧ್ಯಾಹ್ನ ನನಗೆ ರಜೆ ಇತ್ತು. ರಣಬಿಸಿಲು. ಕರೆಂಟು ಹೋಯಿತು, ಫ್ಯಾನು ನಿಂತಿತು. ಮೇಲಿನಿಂದ ಅತ್ತೆಯ ಕೂಗು ಕೇಳಿತು. ಅವಳಿಗೂ ಒಂದು ಮೇಜು ಫ್ಯಾನನ್ನು ಕಳಿಸಿದ್ದೆವು.

"ಏ ತಮ್ಮಾ! ಫ್ಯಾನ್ ಯಾಕ ನಿಂತದ? ಸೂರ್ಯ ಇಲ್ಲೇ ನೆತ್ತಿ ಮ್ಯಾಲ ಇದ್ದಾನಲ್ಲೋ!"

ಇಡೀ ಓಣಿಗೆ ಕೇಳಿತು. ಅಂಗಡಿಯವನಿಗೆ ಫೋನು ಹಚ್ಚಿ, ಏಣಿ ಹತ್ತಿ, ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ.

"ಆಯಿ, ಲೈನಿನ ಕರೆಂಟ್ ಹೋದ್ರ ಸೋಲಾರ್ ತಾನೇ ಬಂದ್ ಆಗ್ತದರಿ" ಎಂದ ಅವನು. "ಕಂಬದ ಮ್ಯಾಲ ಲೈನ್‌ಮನ್ ಕೆಲಸ ಮಾಡ್ತಿರ್ತಾನ. ನಮ್ಮನಿ ಕರೆಂಟ್ ಹೋಗಿ ಅವಗ ಹೊಡೀಬಾರದಂತ."

"ಅದು ಒಳ್ಳೇದು ಬಿಡು, ಅವನೂ ಮಕ್ಕಳೊಂದಿಗ. ಆದ್ರ ನನ್ನ ಫ್ಯಾನಿಗಿ ಯಾವ ಲೈನ್‌ಮನ್ ಜೋತು ಬಿದ್ದಾನ?"

"ಬ್ಯಾಟರಿ ಇಟ್ರ ಫ್ಯಾನ್ ತಿರಗ್ತದರಿ. ಹಗಲಿ ತುಂಬಿಕೊಂತದ, ಕರೆಂಟ್ ಹೋದಾಗ ಮನಿಗಷ್ಟೇ ಕೊಡ್ತದ."

"ಅದಕ್ಕೂ ಸರ್ಕಾರ ರೊಕ್ಕ ಕೊಡ್ತದೇನು?"

"ಬ್ಯಾಟರಿಗಿ ಇಲ್ರಿ. ಪ್ಲೇಟಿಗಷ್ಟೇ."

ಅತ್ತೆ ಫೋನನ್ನು ನನ್ನ ಕೈಗೆ ಒತ್ತಿ, "ಗಡಿಗಿ ಕೊಡ್ತಾರ, ಮುಚ್ಚಳ ಕೊಡಾಂಗಿಲ್ಲ" ಎಂದಳು. ಆ ಮಧ್ಯಾಹ್ನ ಬಿಸಿಲಿನಿಂದ ಕರೆಂಟು ಮಾಡುವ ಯಂತ್ರದ ಕೆಳಗೆ ಕುಳಿತು, ಅವಳು ರಟ್ಟಿನ ತುಂಡಿನಿಂದ ನನಗೂ ತನಗೂ ಗಾಳಿ ಬೀಸಿದಳು.

ಕೆಲವು ದಿನಗಳಿಗೆ ಅವಳ ಮೊಬೈಲಿಗೆ ಸಂದೇಶ ಬಂತು. ಸಬ್ಸಿಡಿ ಖಾತೆಗೆ ಜಮಾ ಆಗಿತ್ತು. ಮನೆಯಲ್ಲಿ ಕೂಡಲೇ ಎರಡು ಪಕ್ಷವಾದವು. ಇಷ್ಟು ದಿನ ಬುಟ್ಟಿ ಜಗ್ಗಿ ಕೈ ಬಿದ್ದುಹೋಗಿದ್ದ ನನ್ನ ಹೆಂಡತಿ, ಆ ಹಣದಲ್ಲಿ ಮೆಟ್ಟಿಲು ಕಟ್ಟಿಸಲೇಬೇಕು ಎಂದಳು. ನಾನೂ ಅದೇ ಸರಿ ಎಂದೆ. ಎದುರು ಪಕ್ಷದಲ್ಲಿ ಅತ್ತೆ ಒಬ್ಬಳೇ ಇದ್ದಳು, ಆದರೆ ಖಾತೆ ಅವಳದು.

"ಪಾವಟಿಗಿ ಯಾರಿಗಿ? ನೀವೆಲ್ಲಾ ಹತ್ತೇ ಹತ್ತಾಕತ್ತೀರಿ. ನಾ ಒಮ್ಮೆ ಇಳದ್ರ ಮತ್ತ ಬರ್ತೀನೋ ಇಲ್ಲೋ. ಬ್ಯಾಟರಿ ತರ್ರಿ."

ಆಯಿತು ಎಂದೆವು. ಆದರೆ ಹಣ ತೆಗೆಯಲು ಅವಳು ಹುಮನಾಬಾದಿನ ಬ್ಯಾಂಕಿಗೆ ಹೋಗಬೇಕು, ಸಹಿ ಹಾಕಬೇಕು. ಮಾಳಿಗೆಯ ಮೇಲಿನವರಿಗೆ ಬ್ಯಾಂಕು ಹಣ ಕೊಡುವುದಿಲ್ಲ. ಇಳಿಯದೆ ಗತಿ ಇರಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಕಡಲೆ ಬಂದಿತ್ತು. ತಮ್ಮ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಬಂದ. ಹಮಾಲರು ಮತ್ತೆ ಮೆಟ್ಟಿಲು ಕಟ್ಟಿದರು. ಓಣಿ ಮತ್ತೆ ನೆರೆಯಿತು.

ಅತ್ತೆ ಹಾಸಿಗೆ ಮಡಿಚಿ, ಪ್ಲೇಟುಗಳನ್ನು ಕಡೆಯ ಸಲ ಒರೆಸಿ, ಒಂದೊಂದೇ ಚೀಲ ಇಳಿಯತೊಡಗಿದಳು. ನಡುವಿಗೆ ಬಂದು ದಣಿವಾರಿಸಿಕೊಳ್ಳಲು ಕುಳಿತಾಗ ಅಂಗಳಕ್ಕೆ ಮೋಟಾರ್‌ಸೈಕಲ್ಲೊಂದು ಬಂತು. ತೊಗರಿ ಕೊಂಡಿದ್ದ ವ್ಯಾಪಾರಿಯೇ. ಅವನು ಅತ್ತೆ ಕುಳಿತಿದ್ದ ಚೀಲದ ಮೂಲೆಯಿಂದ ಎರಡು ಕಾಳು ತೆಗೆದು, ಬಾಯಿಗೆ ಹಾಕಿ ಕಡಿದು, ತಮ್ಮನಿಗೆ ಒಂದು ದರ ಹೇಳಿದ. ತಮ್ಮ ಆಗಲಿ ಎನ್ನಲು ಬಾಯಿ ತೆರೆದಿದ್ದ.

"ಆ ದರಕ್ಕ ಕೊಡಾಂಗಿಲ್ಲ" ಎಂದಳು ಅತ್ತೆ.

ವ್ಯಾಪಾರಿ ತಲೆಯೆತ್ತಿ ನೋಡಿದ. "ಆಯಿ, ನೀವ್ಯಾರ್ರಿ?"

"ಮಾಲಿನ ಮ್ಯಾಲ ಕುಂತಾಕಿ. ನಾ ಏಳೂತನ ನೀ ಚೀಲ ಎತ್ತಾಂಗಿಲ್ಲ. ದರ ಏರಸು."

ವ್ಯಾಪಾರಿ ನಕ್ಕ. ಅತ್ತೆ ನಗಲಿಲ್ಲ. ಚಹಾ ತರಿಸಿದಳು, ಅವನಿಗೂ ಕುಡಿಸಿದಳು. ಹಮಾಲರು ನೆರಳಿಗೆ ಹೋಗಿ ಕುಳಿತರು. ಅವನು ಸ್ವಲ್ಪ ಏರಿಸಿದ, ಅವಳು ಒಂದು ಚೀಲ ಇಳಿದಳು. ಇನ್ನೂ ಸ್ವಲ್ಪ ಏರಿಸಿದ, ಇನ್ನೊಂದು ಇಳಿದಳು. ನೆಲ ಮುಟ್ಟುವ ಹೊತ್ತಿಗೆ ತಮ್ಮ ಕನಸಿನಲ್ಲೂ ಕೇಳಿರದ ದರ ಕುದುರಿತ್ತು. ವ್ಯಾಪಾರಿ ಬೆವರು ಒರೆಸಿಕೊಳ್ಳುತ್ತ ತಮ್ಮನಿಗೆ, "ಇನ್ನ ಮ್ಯಾಲ ಅಂಗಡ್ಯಾಗೇ ವ್ಯವಹಾರ ಮಾಡೂನ್ರಿ, ಮನ್ಯಾಗ ಬ್ಯಾಡ" ಎಂದ.

ನನ್ನ ಬಸ್ಸಿನಲ್ಲೇ ಅತ್ತೆ ಹುಮನಾಬಾದಿಗೆ ಹೋದಳು. ಡ್ರೈವರ್ ಈ ಸಲ ಹಿಂದೆ ತಿರುಗಿ ಕೈ ಮುಗಿದ. ಮಾಳಿಗೆಯ ಸುದ್ದಿ ಅವನಿಗೂ ಮುಟ್ಟಿತ್ತು. ಅವಳು ಹೇಳಿದಂತೆಯೇ ಹಣ ತೆಗೆದು ಸೋಲಾರ್ ಅಂಗಡಿಗೆ ನೇರವಾಗಿ ಕಟ್ಟಿ, ಮಗನ ಮನೆಗೆ ಹೋದಳು. ಸಾಲದ್ದಕ್ಕೆ ನಾನೂ ಸೇರಿಸಿದೆ. ಬ್ಯಾಟರಿ ನಮ್ಮ ಪಡಸಾಲೆಗೆ ಬಂದು ಕುಳಿತಿತು. ಈಗ ಕರೆಂಟು ಹೋದರೆ ನಮ್ಮ ಮನೆಯ ಫ್ಯಾನು ನಿಲ್ಲುವುದಿಲ್ಲ. ಓಣಿಯವರು ಮೊಬೈಲು, ಚಾರ್ಜರು ಹಿಡಿದುಕೊಂಡು ಬರುತ್ತಾರೆ. ಒಮ್ಮೆ ಕಂಬ ಹತ್ತಬೇಕಾಗಿದ್ದ ಲೈನ್‌ಮನ್ ಕೂಡ ಬಂದು, ನೀರು ಕುಡಿದು, ಫ್ಯಾನಿನ ಕೆಳಗೆ ಹಾಯಾಗಿ ಕುಳಿತುಬಿಟ್ಟ. ಅವನನ್ನು ಎಬ್ಬಿಸಿ ಕಂಬಕ್ಕೆ ಕಳಿಸಲು ಓಣಿಯವರೆಲ್ಲ ಸೇರಬೇಕಾಯಿತು.

ಅತ್ತೆ ಇಳಿದ ಮೇಲೆ ಮೊದಲ ಕೆಲವು ದಿನ ಬುಟ್ಟಿ ಕಟ್ಟುವ ಹೊತ್ತಿಗೆ ಹೆಂಡತಿ ಅಂಗಳಕ್ಕೆ ಬಂದು ಸುಮ್ಮನೆ ಮೇಲೆ ನೋಡಿ ಒಳಗೆ ಹೋಗುತ್ತಿದ್ದಳು. ಸಂಜೆ ಹೆಂಗಸರು ಮಾಳಿಗೆ ಹತ್ತುವುದೂ ನಿಂತಿತು. ಮೋರಿ ನೀರಿನ ಜಗಳದ ಎರಡು ಮನೆಯವರು ಮಾತಾಡಲು ನಡುವೆ ಯಾರೂ ಇಲ್ಲದೆ ಕಷ್ಟಪಟ್ಟು, ಕಡೆಗೆ ನೇರವಾಗಿಯೇ ಮಾತಾಡತೊಡಗಿದರು.

ಮನೆಮನೆಯ ಕರೆಂಟಿನ ಲೆಕ್ಕ ತೋರಿಸುವ ಆ ಮೊಬೈಲ್ ಆ್ಯಪನ್ನು ಅಂಗಡಿಯವನು ಅತ್ತೆಯ ಫೋನಿಗೂ ಹಾಕಿಕೊಟ್ಟಿದ್ದಾನೆ. ಅವಳ ಹೆಸರಿನ ಸೋಲಾರ್ ತಾನೇ. ಹುಮನಾಬಾದಿನ ಕೋಣೆಯಲ್ಲಿ ಕುಳಿತು ಅವಳು ಈಗ ದಿನವೂ ನಮ್ಮ ಮಾಳಿಗೆಯ ಬಿಸಿಲನ್ನು ನೋಡುತ್ತಾಳೆ. ನಾನು ತುಂಬಿದ ಬಸ್ಸಿನಲ್ಲಿ ಚೀಟಿ ಹರಿಯುತ್ತಿರುವಾಗಲೇ ಫೋನು ಬರುತ್ತದೆ.

"ಇವತ್ತ ಕಮ್ಮಿ ಆಗ್ಯಾದ ನೋಡು. ಧೂಳ ಕುಂತದ. ಒರಸೀರಿಲ್ಲೋ?"

"ಮೋಡ ಆಗ್ಯಾದ ಅತ್ತಿ."

"ಇಲ್ಲಿ ಬಿಸಲದ. ಹುಮನಾಬಾದ್ಯಾಗ ಬಿಸಲಿದ್ರ ಕಲ್ಯಾಣದಾಗ ಮೋಡ ಹ್ಯಾಂಗಾಗ್ತದ? ನನಗ ಹೇಳಬ್ಯಾಡ."

ಬಸ್ಸಿನವರೆಲ್ಲ ಕಿಟಕಿಯಿಂದ ಆಕಾಶ ನೋಡುತ್ತಾರೆ. ಕೆಲವರು ನನ್ನ ಪಕ್ಷ, ಕೆಲವರು ಅತ್ತೆಯ ಪಕ್ಷ. ನಾನು ಹೆಂಡತಿಗೆ ಫೋನು ಮಾಡುತ್ತೇನೆ. ಅವಳು ನನ್ನನ್ನೂ ಅತ್ತೆಯನ್ನೂ ಸೂರ್ಯನನ್ನೂ ಸೇರಿಸಿ ಒಂದು ಮಾತು ಬೈದು, ಕೋಲಿಗೆ ಸೀರೆಯ ತುಂಡು ಸುತ್ತಿಕೊಂಡು ಏಣಿ ಹತ್ತುತ್ತಾಳೆ.